ಗಂಜಾಂ, ಸಾಡೆ ರಸ್ತೆ, ಫಿಲೋಮಿನಾ: ಬಾಡಿಗೆ ಟಿಟಿಯಲ್ಲಿ ಒಂದು ದಿನದ ಮಿಷನ್ ಸುತ್ತು

ಮೈಸೂರಿನಲ್ಲಿ ಟಿಟಿ (ಟೆಂಪೋ ಟ್ರಾವೆಲರ್) ಬಾಡಿಗೆಗೆ ಬಿಡುವವರ ಹತ್ತಿರ ‘ಚರ್ಚ್ ಟ್ರಿಪ್’ ಅಂದರೆ ಬರುವ ಉತ್ತರ ಒಂದೇ. ಮೊದಲು ಫಿಲೋಮಿನಾ, ಆಮೇಲೆ ಅರಮನೆ, ಬೆಟ್ಟ, ಸಂಜೆಗೆ ಬೃಂದಾವನ. ಮಿಷನರಿಗಳ ಜಾಡು ಹಿಡಿದು ಹೋಗುವ ದಾರಿ ಅವರ ಪಟ್ಟಿಯಲ್ಲಿಲ್ಲ. ಅದನ್ನು ನಾವೇ ಹೇಳಿ ಮಾಡಿಸಿಕೊಳ್ಳಬೇಕು. ಭಾನುವಾರ ಶಾಲೆಯ ಶಿಕ್ಷಕರು, ಯುವಜನ ಕೂಟದವರು, ಹಳ್ಳಿಗಳಲ್ಲಿ ಸೇವೆಗೆ ನಿಲ್ಲುವ ಸುವಾರ್ತಿಕರು, ಹೀಗೆ ಹತ್ತು ಹನ್ನೆರಡು ಜನರ ಗುಂಪಿಗೆ ಸರಿಹೊಂದುವ ಮೂರು ನಿಲುಗಡೆಯ ಸುತ್ತಿನ ವಿಮರ್ಶೆ ಇದು. ಅಂಕಗಳನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಐದಕ್ಕೆ ಗಾಡಿ ಸೇವೆಗೆ ಮೂರು, ಗಂಜಾಂಗೆ ಐದು, ಸಾಡೆ ರಸ್ತೆಗೆ ಮೂರು, ಫಿಲೋಮಿನಾಗೆ ನಾಲ್ಕು.

ಈ ಮೂರು ಜಾಗಗಳನ್ನು ಒಟ್ಟಿಗೆ ಹಾಕಲು ಕಾರಣವಿದೆ. ಮೂರರಲ್ಲೂ ಅಂದುಕೊಂಡಿದ್ದು ಒಂದು, ಆದದ್ದು ಇನ್ನೊಂದು. ‘ದೇವರ ಚಿತ್ತ’ ಅನ್ನುವ ಮಾತನ್ನು ಪ್ರಸಂಗದಲ್ಲಿ ಕೇಳುವುದಕ್ಕೂ, ಅದು ಕಲ್ಲು ಗಾರೆಯಾಗಿ ನಿಂತಿರುವ ಕಡೆ ಹೋಗಿ ನೋಡುವುದಕ್ಕೂ ವ್ಯತ್ಯಾಸವಿದೆ.

ಗಾಡಿಯ ವಿಷಯ ಮೊದಲು, ಏಕೆಂದರೆ ದುಡ್ಡು ಹೋಗುವುದು ಅಲ್ಲೇ. ಗಂಜಾಂ ಇರುವ ಶ್ರೀರಂಗಪಟ್ಟಣ ಮಂಡ್ಯ ಜಿಲ್ಲೆಗೆ ಸೇರಿದ್ದರಿಂದ ಕೆಲವರು ಇದನ್ನು ‘ಔಟ್‌ಸ್ಟೇಷನ್’ ಲೆಕ್ಕಕ್ಕೆ ಹಾಕುತ್ತಾರೆ. ಹಾಗಾದರೆ ದಿನಕ್ಕೆ 250 ಅಥವಾ 300 ಕಿ.ಮೀ. ಮಿನಿಮಮ್, ಮೇಲೆ ಡ್ರೈವರ್ ಬಾಟಾ. ಓಡುವುದು ನೋಡಿದರೆ ಬನ್ನಿಮಂಟಪದಿಂದ ಗಂಜಾಂಗೆ ಹೋಗಿ ಬಂದು, ಊರೊಳಗಿನ ಎರಡು ನಿಲುಗಡೆ ಸೇರಿ, ಗ್ಯಾರೇಜಿನಿಂದ ಗ್ಯಾರೇಜಿಗೆ ಲೆಕ್ಕ ಹಿಡಿದರೂ ಅರವತ್ತು ಕಿ.ಮೀ. ದಾಟುವುದಿಲ್ಲ. ಆದ್ದರಿಂದ ‘ಎಂಟು ಗಂಟೆ, 80 ಕಿ.ಮೀ. ಲೋಕಲ್ ಪ್ಯಾಕೇಜ್’ ಎಂದು ಹೆಸರು ಹಿಡಿದೇ ಕೇಳಿ. ಅದರಲ್ಲೂ ಎಂಟು ಗಂಟೆ ಶುರುವಾಗುವುದು ಗಾಡಿ ಶೆಡ್ ಬಿಟ್ಟಾಗಲೋ ನೀವು ಹತ್ತಿದಾಗಲೋ, ಪಾರ್ಕಿಂಗ್ ಯಾರ ತಲೆಗೆ, ಹೆಚ್ಚುವರಿ ಗಂಟೆಗೆ ಎಷ್ಟು ಎಂಬ ಮೂರನ್ನು ವಾಟ್ಸ್ಯಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಸಂಜೆ ಆರರ ಮೇಲೆ ಬೆಲೆಯಿಲ್ಲ. ಹಳದಿ ಬೋರ್ಡ್ ಗಾಡಿಯೇ ಇರಲಿ. ಬಿಳಿ ಬೋರ್ಡ್ ಅಗ್ಗಕ್ಕೆ ಸಿಗುತ್ತದೆ, ತಪಾಸಣೆಯಲ್ಲಿ ನಿಲ್ಲಿಸಿದರೆ ಇಡೀ ದಿನ ಅಲ್ಲೇ.

ಹನ್ನೆರಡು ಸೀಟಿನ ಟಿಟಿ ಎಂದರೂ ವಯಸ್ಸಾದವರಿದ್ದರೆ ಹತ್ತು ಜನಕ್ಕೆ ನಿಲ್ಲಿಸಿ. ಹಿಂದಿನ ಸಾಲು ಆಕ್ಸಲ್‌ನಿಂದ ಹಿಂದಕ್ಕೆ ಬರುತ್ತದೆ, ಹಂಪ್ ಬಂದಾಗಲೆಲ್ಲ ಕುಳಿತವರು ಒಂದು ಗೇಣು ಮೇಲೆ. ಏಸಿ ತಂಪು ಕೂಡ ಅಲ್ಲಿಗೆ ಬರುವಷ್ಟರಲ್ಲಿ ಉಸಿರು ಕಟ್ಟಿರುತ್ತದೆ. ಮೈಸೂರಿನಿಂದ ಹೋಗುವವರಿಗೆ ಟೋಲ್ ಇಲ್ಲ. ಮಂಡ್ಯ ಕಡೆಯಿಂದ ಬರುವವರಿಗೆ ಗಣಂಗೂರಿನಲ್ಲಿ ಸಿಗುತ್ತದೆ, ಸರ್ವಿಸ್ ರಸ್ತೆ ಹಿಡಿದರೆ ಉಳಿಯುತ್ತದೆ, ಸಮಯ ಮಾತ್ರ ಹೋಗುತ್ತದೆ.

ಮೊದಲ ನಿಲುಗಡೆ ಗಂಜಾಂ. ಇದನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡವರು ಕೆಟ್ಟರು. ದರಿಯಾ ದೌಲತ್, ಗುಂಬಜ್, ಸಂಗಮ ನೋಡಲು ಬರುವ ಬಸ್ಸುಗಳು, ನಿಮಿಷಾಂಬ ದೇವಸ್ಥಾನಕ್ಕೆ ಬರುವವರು ಎಲ್ಲ ಈ ಕಡೆಯ ರಸ್ತೆಗೇ ಇಳಿಯುತ್ತಾರೆ. ಭಾನುವಾರ, ಅಮಾವಾಸ್ಯೆ, ಹುಣ್ಣಿಮೆ ಬಿಟ್ಟು, ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿರಬೇಕು. ನೀವು ಹುಡುಕುವುದು ಅಬೆ ದುಬ್ವಾ ಚರ್ಚ್. ಕೆಲವರು ‘ಡುಬಾಯ್ ಚರ್ಚ್’ ಎನ್ನುತ್ತಾರೆ. ಗೋಪುರ, ಬಣ್ಣದ ಗಾಜು ನಿರೀಕ್ಷಿಸಿ ಬಂದವರಿಗೆ ನಿರಾಸೆ. ಸಣ್ಣದು, ಸಾದಾ ಸೀದಾ.

ಕಥೆ ಮಾತ್ರ ಸಣ್ಣದಲ್ಲ. ಝಾನ್ ಆಂಟ್ವಾನ್ ದುಬ್ವಾ 1792ರಲ್ಲಿ, ಫ್ರಾನ್ಸಿನ ಕ್ರಾಂತಿಯ ಗದ್ದಲದಲ್ಲಿ, ಗುರುದೀಕ್ಷೆ ಪಡೆದ ವರ್ಷವೇ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದಿಂದ ಹೊರಟವರು. ಪಾಂಡಿಚೇರಿ ಕಡೆಗೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪು ಕಾಲದಲ್ಲಿ ಬಲವಂತಕ್ಕೆ ಮತ ಬಿಟ್ಟಿದ್ದ ಕ್ರೈಸ್ತರನ್ನು ಮತ್ತೆ ಸೇರಿಸಲು ಅವರನ್ನು ಇಲ್ಲಿಗೆ ಕರೆಸಲಾಯಿತು. ಇಲ್ಲಿಯವರಂತೆ ಉಟ್ಟರು, ಇಲ್ಲಿಯವರಂತೆ ಉಂಡರು. ಜನ ‘ದೊಡ್ಡಸ್ವಾಮಿಯವರು’ ಅಂದರು. ಅಲ್ಲಿಗೆ ಬಂದ ಕೆಲಸ ಸರಿಯಾಗಿಯೇ ಶುರುವಾಗಿತ್ತು. ಆದರೆ ಅವರ ಕೈಯಿಂದ ಈ ಸೀಮೆಗೆ ಆದ ದೊಡ್ಡ ಉಪಕಾರ ಯಾವ ಯೋಜನೆಯಲ್ಲೂ ಇರಲಿಲ್ಲ, ಅದು ಸಿಡುಬಿನ ಲಸಿಕೆ. 1803–04ರಲ್ಲಿ ಲೆಕ್ಕಕ್ಕೆ ಸಿಕ್ಕವರೇ 25,432 ಜನ.

ಗುಂಪಿಗೆ ಈ ಅಂಕಿ ಹೇಳಿ ಮುಂದೆ ಹೋಗಬೇಡಿ, ಇಲ್ಲಿ ಹತ್ತು ನಿಮಿಷ ನಿಲ್ಲಿ. ಆಗ ಶೀತಪೆಟ್ಟಿಗೆ ಇಲ್ಲ. ಒಣಗಿಸಿದ ಲಸಿಕೆ ರಸ ನಮ್ಮ ಸೆಕೆಗೆ ಕೆಡುತ್ತಿತ್ತು. ನಂಬಬಹುದಾಗಿದ್ದ ದಾರಿ ತೋಳಿನಿಂದ ತೋಳಿಗೆ. ಒಂದು ಮಗುವಿನ ತೋಳು ಗೀರಿ ರಸ ಹಚ್ಚಬೇಕು, ಎಂಟನೇ ದಿನದ ಹೊತ್ತಿಗೆ ಗುಳ್ಳೆ ತುಂಬುತ್ತದೆ, ಅದನ್ನು ಚುಚ್ಚಿ ಬಂದ ತಿಳಿರಸವನ್ನು ಹಸಿಹಸಿಯಾಗಿ ಮುಂದಿನ ಮಕ್ಕಳಿಗೆ ಹಚ್ಚಬೇಕು. ಎರಡು ದಿನ ತಡವಾದರೆ ರಸ ಕೀವಾಗುತ್ತದೆ, ಹಚ್ಚಿ ಪ್ರಯೋಜನವಿಲ್ಲ. ಮುಂದಿನ ಊರಿನವರು ‘ಅಮ್ಮನಿಗೆ ಕೋಪ ಬಂದೀತು’ ಎಂದು ಬಾಗಿಲು ಹಾಕಿಕೊಂಡರೆ ಸರಪಣಿಯೇ ಕಡಿಯಿತು, ಮತ್ತೆ ದೂರದಿಂದ ತರಿಸಬೇಕು. ಅಂದರೆ ಪ್ರತಿ ವಾರವೂ ಇಂಥ ಊರಿನಲ್ಲಿ ಇಂತಿಷ್ಟು ಮಕ್ಕಳು ಸಿದ್ಧವಿರಲೇಬೇಕು. ಇದು ಪೂಜೆಪುನಸ್ಕಾರಕ್ಕೆ ಬಂದವರು ಮಾಡಿದ ಕೆಲಸ.

ಪ್ರವಾಸ ನಡೆಸುವವರು ಇಲ್ಲಿ ಮಾಡುವ ದೊಡ್ಡ ತಪ್ಪೆಂದರೆ ಕಥೆಯನ್ನು ಸುಖಾಂತ ಮಾಡಿಬಿಡುವುದು. ದುಬ್ವಾ 1823ರಲ್ಲಿ ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಇಲ್ಲಿಯ ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ಬರೆದರು. ಮೂವತ್ತೊಂದು ವರ್ಷ ದುಡಿದವರ ಮಾತು ಅದು. ಮತ್ತೆ ಬರಲಿಲ್ಲ, 1848ರಲ್ಲಿ ತೀರಿಕೊಂಡರು. ಇದನ್ನು ಮುಚ್ಚಿಟ್ಟು ‘ದೇವರು ಎಲ್ಲವನ್ನೂ ಒಳ್ಳೆಯದಕ್ಕೇ ತಿರುಗಿಸಿದರು’ ಎಂದರೆ, ಮೂರು ವರ್ಷ ಒಂದೇ ಹಳ್ಳಿಯಲ್ಲಿ ಕೂತು ಒಂದು ಮನೆಯೂ ತೆರೆಯದ ಸುವಾರ್ತಿಕ ನಿಮ್ಮ ಗುಂಪಿನಲ್ಲಿದ್ದರೆ ಅವನಿಗೆ ಏನೂ ಸಿಕ್ಕಂತಾಗುವುದಿಲ್ಲ.

ಓದಲು ಇಲ್ಲಿಗೆ ಹೊಂದುವ ಭಾಗ ಅಪೊಸ್ತಲರ ಕೃತ್ಯಗಳು 16:6–10. ಪೌಲನಿಗೆ ಆಸ್ಯಕ್ಕೆ ಹೋಗಲು ಬಿಡಲಿಲ್ಲ, ಬಿಥೂನ್ಯಕ್ಕೂ ಬಿಡಲಿಲ್ಲ, ತ್ರೋವದಲ್ಲಿ ಬಂದು ನಿಂತ ಮೇಲೆ ಮಕೆದೋನ್ಯದ ಕರೆ. ಎರಡು ಸಲ ಬಾಗಿಲು ಹಾಕಿದಾಗ ಮೂರನೆಯದು ಯಾವುದೆಂದು ಹೇಳಿರಲಿಲ್ಲ ಎಂಬುದನ್ನು ಗಮನಿಸಲು ಹೇಳಿ. ಮಿಶ್ರ ಗುಂಪಾದರೆ ಒಂದು ಸಣ್ಣ ತೊಡಕು: ಕಥೋಲಿಕರ ಕೈಯಲ್ಲಿರುವ ಬೈಬಲ್ಲಿನಲ್ಲಿ ಇದೇ ಪುಸ್ತಕದ ಹೆಸರು ‘ಪ್ರೇಷಿತರ ಕಾರ್ಯಕಲಾಪಗಳು’. ಮೊದಲೇ ಹೇಳದಿದ್ದರೆ ಅರ್ಧ ಜನ ಪುಟ ತಿರುವುತ್ತಲೇ ಇರುತ್ತಾರೆ.

ಈಗ ಬೀಗದ ಮಾತು. ಬಲಿಪೂಜೆ (ಮಾಸ್) ಇಲ್ಲದ ಹೊತ್ತಿನಲ್ಲಿ ಇಂಥ ಸಣ್ಣ ದೇವಾಲಯಗಳು ಮುಚ್ಚಿರುವುದೇ ಹೆಚ್ಚು. ಎರಡು ದಿನ ಮೊದಲು ಫೋನ್ ಮಾಡಿ, “ಫಾದರ್, ನಾವು ಹನ್ನೆರಡು ಜನ, ಒಂಬತ್ತಕ್ಕೆ ಬರ್ತೀವಿ, ಅರ್ಧ ಗಂಟೆ ಇರ್ತೀವಿ, ಬೀಗದ ಕೈ ಯಾರ ಹತ್ರ ಇರುತ್ತೆ?” ಎಂದು ಕೇಳಿ. ಹೊರಡುವ ಬೆಳಿಗ್ಗೆ ಇನ್ನೊಮ್ಮೆ ಮಾಡಿ. ಬೀಗದ ಕೈ ಇಟ್ಟುಕೊಂಡವರು ಅಂದೇ ಮದುವೆಗೆ ಹೋಗಿರುತ್ತಾರೆ. ಫೋನ್ ಮಾಡದೆ ಹೋಗಿ, ಬೀಗ ನೋಡಿ, ‘ದೇವರ ಚಿತ್ತ ಇರಲಿಲ್ಲ’ ಅನ್ನುವವರ ಸಂಖ್ಯೆ ಕಡಿಮೆಯಿಲ್ಲ. ಅದು ವಿಶ್ವಾಸವಲ್ಲ, ಸೋಮಾರಿತನ. ಫೋನ್ ಮಾಡಿಯೂ ಬೀಗ ಸಿಕ್ಕರೆ ಆಗ ಆ ಮಾತು ಹೇಳಬಹುದು, ಮತ್ತು ಹೊರಗೆ ನಿಂತೇ ಓದು ಮುಗಿಸಬಹುದು.

ಮಳೆಗಾಲದಲ್ಲಿ ಇನ್ನೊಂದು ಲೆಕ್ಕ. ಜುಲೈ ಆಗಸ್ಟ್‌ನಲ್ಲಿ ಕೆಆರ್‌ಎಸ್ ಮಟ್ಟ 124.80 ಅಡಿ ಮುಟ್ಟುತ್ತಾ ಬಂದರೆ ನೀರು ಬಿಡುತ್ತಾರೆ. ಹೊರಹರಿವು ಜೋರಾದರೆ ರಂಗನತಿಟ್ಟು ದೋಣಿ ನಿಲ್ಲುತ್ತದೆ, ಸಂಗಮದ ಮೆಟ್ಟಿಲಿಗೆ ಬಿಡುವುದಿಲ್ಲ, 1804ರ ವೆಲ್ಲೆಸ್ಲಿ ಸೇತುವೆ ಹತ್ತಿರ ಬ್ಯಾರಿಕೇಡ್ ಬೀಳುತ್ತದೆ. ಹಿಂದಿನ ರಾತ್ರಿಯ ಸುದ್ದಿಯಲ್ಲಿ ಕ್ಯೂಸೆಕ್ ನೋಡಿ. ಹಾಗಾದ ದಿನ ಸುತ್ತನ್ನು ತಿರುಗಿಸಿ, ಊರೊಳಗಿನ ಎರಡನ್ನು ಬೆಳಿಗ್ಗೆ ಮುಗಿಸಿ ಗಂಜಾಂ ವಿಷಯ ಹನ್ನೊಂದರ ಮೇಲೆ ತೀರ್ಮಾನಿಸಿ. ಡ್ರೈವರ್‌ಗೆ ಈ ಎರಡನೇ ದಾರಿಯನ್ನು ಹೊರಡುವ ಮೊದಲೇ ಹೇಳಿಡಿ. ದಾರಿಯಲ್ಲಿ ಬದಲಿಸಿದರೆ ಮುಖ ಗಂಟಿಕ್ಕುತ್ತಾರೆ, ಅದೂ ತಪ್ಪಲ್ಲ.

ಊಟಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮನೆಯಿಂದ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದರೆ ಒಂದು ಗಂಟೆ ಉಳಿಯುತ್ತದೆ.

ಎರಡನೆಯದು ಮಂಡಿ ಮೊಹಲ್ಲಾದ ಸಾಡೆ ರಸ್ತೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅಂದರೆ ಆಟೋದವರು ಯೋಚಿಸುತ್ತಾರೆ, ‘ಮಿಷನ್ ಆಸ್ಪತ್ರೆ’ ಅಂದರೆ ಸಾಕು. 1906ರದು. ವೆಸ್ಲಿಯನ್ ಮಿಷನರಿಯೊಬ್ಬರ ಹೆಂಡತಿ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ನೆನಪಿಗೆ ಕಟ್ಟಿದ್ದು, ಮುಂದೆ ನಿಂತು ಕಟ್ಟಿಸಿದವರು ಜಾರ್ಜ್ ವಿಲಿಯಂ ಸಾಡೆ, ರಸ್ತೆಯ ಹೆಸರು ಅವರದೇ. ಗಂಡಸು ವೈದ್ಯರ ಮುಂದೆ ಹೆಂಗಸರು ಬರದ ಕಾಲ. ಉಪದೇಶಕ್ಕೆ ತೆರೆಯದ ಮನೆಗಳ ಮುಂದೆ ಮಿಷನ್‌ಗಳು ಹಿಡಿದ ಬೇರೆ ದಾರಿ ಹೆರಿಗೆ ಕೋಣೆ. 1947ರ ನಂತರ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಡಳಿತಕ್ಕೆ ಬಂದಿತು. ಆದರೆ ಇದು ನಡೆಯುತ್ತಿರುವ ಆಸ್ಪತ್ರೆ. ಹನ್ನೆರಡು ಜನ ಒಳಗೆ ನುಗ್ಗಿ ಫೋಟೋ ತೆಗೆಯುವ ಜಾಗ ಅಲ್ಲ. ಗೇಟಿನ ಪಕ್ಕ ನಿಂತು ಹತ್ತು ನಿಮಿಷ ಮಾತಾಡಿ, ಹೊರಡಿ. ಆಂಬುಲೆನ್ಸ್ ದಾರಿಗೆ ಟಿಟಿ ಅಡ್ಡ ನಿಲ್ಲಿಸಲೇಬೇಡಿ, ಗುಂಪನ್ನು ಇಳಿಸಿ ಗಾಡಿಯನ್ನು ಮುಂದೆ ಕಳಿಸಿ. ಒಳಗೆ ನೋಡಲು ಏನೂ ಸಿಗದ ಕಾರಣಕ್ಕೇ ಮೂರು ಅಂಕ.

ಅಲ್ಲಿಂದ ಅಶೋಕ ರಸ್ತೆಯ ಫಿಲೋಮಿನಾ ಹತ್ತಿರವೇ. 175 ಅಡಿಯ ಜೋಡಿ ಗೋಪುರ, ಕಲೋನ್ ಕೆಥೆಡ್ರಲ್‌ನ ಛಾಯೆ, ಡೇಲಿ ಎಂಬ ಫ್ರೆಂಚರ ನಕ್ಷೆ, 1933ರ ಅಕ್ಟೋಬರ್ 28ರಂದು ನಾಲ್ವಡಿಯವರಿಂದ ಅಡಿಗಲ್ಲು. ಇಷ್ಟನ್ನು ಯಾವ ಗೈಡ್ ಆದರೂ ಹೇಳುತ್ತಾರೆ. ಮುಮ್ಮಡಿಯವರ ಕಾಲದಲ್ಲಿ, 1843ರಲ್ಲಿ, ಇದೇ ಜಾಗದಲ್ಲಿ ಇನ್ನೊಂದು ಚರ್ಚ್ ಎದ್ದಿತ್ತು ಎಂಬುದನ್ನು ಮಾತ್ರ ಸಾಮಾನ್ಯವಾಗಿ ಬಿಡುತ್ತಾರೆ.

ನೋಡಬೇಕಾದ್ದು ನೆಲದ ಕೆಳಗಿದೆ. ಪೀಠದ ಕೆಳಗಿನ ಕೋಣೆಗೆ ಮೆಟ್ಟಿಲು ಇಳಿದು ಹೋಗಬೇಕು. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ಮಂಡಿ ನೋವಿನವರು ಮೇಲೆಯೇ ಕೂರಲಿ. ಕೆಳಗೆ ಮಲಗಿದ ಭಂಗಿಯಲ್ಲಿ ಸಂತ ಫಿಲೋಮಿನಾ ಪ್ರತಿಮೆ. ಅವಳದೆಂದು ನಂಬಿದ ಮೂಳೆಗಳು ಸಿಕ್ಕಿದ್ದು 1802ರಲ್ಲಿ, ರೋಮಿನ ಪ್ರಿಸಿಲ್ಲಾ ನೆಲಸಮಾಧಿಯಲ್ಲಿ. ಗೋರಿ ಮುಚ್ಚಿದ್ದು ಲ್ಯಾಟಿನ್ ಬರಹದ ಮೂರು ಹೆಂಚು. ಇದ್ದ ಸಾಲಿನಲ್ಲಿ ಓದಿದರೆ ‘ಲುಮೇನಾ – ಪಾಕ್ಸ್ ತೇ – ಕುಂ ಫಿ’, ಅರ್ಥವಿಲ್ಲ. ಮೊದಲ ಹೆಂಚನ್ನು ಕೊನೆಗೆ ಇಟ್ಟರೆ ‘ಪಾಕ್ಸ್ ತೇಕುಂ ಫಿಲುಮೇನಾ’, ಫಿಲೋಮಿನಾ, ನಿನಗೆ ಶಾಂತಿ. ಹೆಸರು ಹುಟ್ಟಿದ್ದು ಹೀಗೆ, ಹೆಂಚು ಸರಿಸಿ. ಅವಳ ಅವಶೇಷದ ಒಂದು ಭಾಗವನ್ನು ಮೈಸೂರಿಗೆ 1926ರಲ್ಲಿ ದೊರಕಿಸಿದವರು ಮಹಾರಾಜರ ಹುಜೂರ್ ಕಾರ್ಯದರ್ಶಿ ತಂಬುಚೆಟ್ಟಿಯವರು. ಚರ್ಚ್ ಎದ್ದಿತು. 1961ರಲ್ಲಿ ರೋಮ್ ಅವಳ ಹಬ್ಬವನ್ನು ಪೂಜಾ ಪಂಚಾಂಗದಿಂದಲೇ ತೆಗೆಯಿತು. ಯುವಕರ ಗುಂಪಾದರೆ ಇಲ್ಲಿ ಪ್ರಶ್ನೆ ಬಂದೇ ಬರುತ್ತದೆ: ‘ಹಾಗಾದರೆ ಇವರೆಲ್ಲ ಪ್ರಾರ್ಥಿಸಿದ್ದು ಯಾರಿಗೆ?’ ಅದನ್ನು ಕೆಳಗೆ ಚರ್ಚಿಸಬೇಡಿ, ಪ್ರಾರ್ಥನೆಗೆ ಬಂದವರು ಪಕ್ಕದಲ್ಲೇ ಇರುತ್ತಾರೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮಾತಾಡಿ, ಉತ್ತರ ಸಿಗಲೇಬೇಕೆಂಬ ಹಠ ಬೇಡ.

ಒಳಗೆ ಫೋಟೋ ಬೇಡ. ಮೇ ತಿಂಗಳಲ್ಲಿ ಮದುವೆಗಳ ಸಾಲು, ಒಳಗೆ ಬಿಡದಿರಬಹುದು. ಈಸ್ಟರ್ ಹಬ್ಬದ ಮುಂಚಿನ ತಪಸ್ಸು ಕಾಲದಲ್ಲಿ ಮದುವೆ ಕಾಟವಿಲ್ಲ, ಆದರೆ ಶುಕ್ರವಾರ ಶಿಲುಬೆ ಹಾದಿಗೆ ಜನ ತುಂಬುತ್ತಾರೆ. ದಸರಾ ಹತ್ತು ದಿನ ಮತ್ತು ಕ್ರಿಸ್‌ಮಸ್ ವಾರ ಅಶೋಕ ರಸ್ತೆಗೆ ಟಿಟಿ ತರುವ ಆಸೆಯನ್ನೇ ಬಿಡಿ.

ಇಲ್ಲಿ ಪೂರ್ತಿ ಐದು ಕೊಡದಿರಲು ಕಾರಣ ಸದ್ದು. ಪ್ರವಾಸಿ ಬಸ್ಸು ಬಂದು ನಿಂತ ಹೊತ್ತಿನಲ್ಲಿ ಒಳಗೆ ಎರಡು ನಿಮಿಷ ಸುಮ್ಮನೆ ಕೂರಲು ಆಗುವುದಿಲ್ಲ. ನಾಲ್ಕರ ಹೊತ್ತಿಗೆ ಬಂದು, ಮೊದಲು ಕೆಳಗಿನ ಕೋಣೆ ಮುಗಿಸಿ, ಆಮೇಲೆ ಮೇಲೆ ಹಿಂದಿನ ಬೆಂಚು ಹಿಡಿಯಿರಿ. ಬೆಳಿಗ್ಗೆ ಎಂಟೂವರೆಗೆ ಹತ್ತಿ ಸಂಜೆ ಐದೂವರೆಗೆ ಎದ್ದರೆ ಎಂಟು ಗಂಟೆಯ ಪ್ಯಾಕೇಜ್ ಮೀರಿ ಒಂದು ಗಂಟೆ ಹೆಚ್ಚುವರಿ ಕೈಯಿಂದ ಬೀಳುತ್ತದೆ. ಅದನ್ನು ತಲಾ ಲೆಕ್ಕದಲ್ಲಿ ಮೊದಲೇ ಸೇರಿಸಿ ವಸೂಲಿ ಮಾಡಿ, ಸಂಜೆ ಗೇಟಿನ ಹತ್ತಿರ ಚಿಲ್ಲರೆ ಕೇಳುವ ಪಾಡು ಬೇಡ.