ಹೊರಬಿದ್ದ ಡಿಸ್ಕನ್ನು ಒರೆಸುವ ಮೊದಲು ಇದನ್ನು ಓದಿ

ಹಳೇ ಪಿಸಿಯನ್ನೇ ಸರ್ವರ್ ಮಾಡಿಕೊಂಡು, ನಾಲ್ಕಾರು ಹಾರ್ಡ್ ಡಿಸ್ಕ್ ಸೇರಿಸಿ ರೇಡ್ (ಹಲವು ಡಿಸ್ಕನ್ನು ಒಂದೇ ದೊಡ್ಡ ಡಿಸ್ಕಿನಂತೆ ಬಳಸುವ ಏರ್ಪಾಡು) ಕಟ್ಟಿಕೊಂಡಿರುವವರಿಗೆ ಈ ಬರಹ. ರೇಡ್ ಒಂದು ಡಿಸ್ಕನ್ನು ಹೊರಗೆ ಹಾಕಿತು ಅಂದಮಾತ್ರಕ್ಕೆ ಆ ಡಿಸ್ಕ್ ಸತ್ತಿದೆ ಅಂತ ಅಲ್ಲ. ಇದು ನನಗೆ ತಿಳಿಯುವಷ್ಟರಲ್ಲಿ ಆ ಡಿಸ್ಕನ್ನು ನಾನೇ ಕೈಯಾರೆ ಒರೆಸಿ ಮುಗಿಸಿದ್ದೆ.

ನನ್ನದು ಮೈಸೂರಿನ ಮನೆ. 4 ಟಿಬಿಯ ನಾಲ್ಕು ಡಿಸ್ಕ್, ಉಬುಂಟು ಓಎಸ್, ಲಿನಕ್ಸ್‌ನ ರೇಡ್ ಸಾಧನವಾದ ಎಂಡಿಅಡ್ಮ್‌ನಲ್ಲಿ ಕಟ್ಟಿದ ರೇಡ್ 5. ಬಳಸಲು ಸಿಗುವುದು ಮೂರು ಡಿಸ್ಕ್‌ನಷ್ಟು ಜಾಗ, 12 ಟಿಬಿ. ಯಾವುದೇ ಒಂದು ಡಿಸ್ಕ್ ಹೋದರೂ ಉಳಿದ ಮೂರರಿಂದ ಲೆಕ್ಕ ಹಾಕಿ ಅದರಲ್ಲಿದ್ದದ್ದನ್ನು ವಾಪಸ್ ಪಡೆಯಬಹುದು. ಎರಡು ಹೋದರೆ ಕಥೆ ಮುಗಿಯಿತು. ಒಳಗೆ ಇದ್ದದ್ದು ಮನೆಯವರ ಫೋಟೋಗಳು, ಮದುವೆ ಮುಂಜಿ ವಿಡಿಯೋಗಳು, ಅಜ್ಜಿ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗ್. ರೇಡ್ ಇದೆಯಲ್ಲ ಅಂತ ಬ್ಯಾಕಪ್ ಇಟ್ಟಿರಲಿಲ್ಲ. ಬೈಯಿರಿ, ಪರವಾಗಿಲ್ಲ, ಅಕ್ಕ ಆಗಲೇ ಬೈದಾಗಿದೆ.

ಶುರುವಾದದ್ದು ಆಯುಧಪೂಜೆಯಿಂದ. ಗಾಡಿ ತೊಳೆದ ಮೇಲೆ ಸರ್ವರ್‌ಗೂ ಒಂದು ಪೂಜೆ ಆಗಲಿ ಅಂತ ಡಬ್ಬಿ ಬಿಚ್ಚಿ ಧೂಳು ಹೊಡೆದೆ, ಕುಂಕುಮ ಇಟ್ಟೆ, ಹೂವು ಮುಡಿಸಿದೆ. ಆ ಗಡಿಬಿಡಿಯಲ್ಲಿ ಡಿಸ್ಕನ್ನು ಬೋರ್ಡಿಗೆ ಸೇರಿಸುವ ಒಂದು ಸಾಟಾ ಕೇಬಲ್ಲಿಗೆ ಕೈ ತಗುಲಿ ಸಡಿಲ ಆಗಿರಬೇಕು. ಆಗ ಗಮನಕ್ಕೆ ಬರಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಅಮ್ಮ, "ಟಿವಿಯಲ್ಲಿ ಫೋಟೋ ತುಂಬಾ ನಿಧಾನ ಬರ್ತಿದೆ ಕಣೋ" ಅಂದರು. ರೇಡ್ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ತೆಗೆದು ನೋಡಿದರೆ, ಸರಿಯಿರುವ ಡಿಸ್ಕಿಗೊಂದರಂತೆ ನಾಲ್ಕು ಯು ಅಕ್ಷರ ಇರಬೇಕಾದ ಕಡೆ ಮೂರು ಯು, ಕೊನೆಯಲ್ಲಿ ಒಂದು ಅಡಿಗೆರೆ. ನಾಲ್ಕನೇ ಡಿಸ್ಕ್ ಹೊರಗಿತ್ತು. ಅದು ಹೊರಬಿದ್ದು 19 ದಿನ ಆಗಿತ್ತು. ಎಂಡಿಅಡ್ಮ್ ಪಾಪ ಮೊದಲ ದಿನವೇ ಮೇಲ್ ಕಳಿಸಿತ್ತು. ಆ ಮೇಲ್ ಹೋಗಿದ್ದು ಅದೇ ಯಂತ್ರದೊಳಗಿನ ರೂಟ್ (ನಿರ್ವಾಹಕ) ಯೂಸರ್‌ನ ಅಂಚೆ ಡಬ್ಬಿಗೆ. ಅದನ್ನು ನಾನು ಯಾವತ್ತೂ ತೆರೆದವನಲ್ಲ.

ಇಲ್ಲಿಂದ ನನ್ನ ಆತುರದ ಬುದ್ಧಿ ಕೆಲಸ ಮಾಡಿತು. ಡಿಸ್ಕ್‌ನ ವಾರಂಟಿ ಮುಗಿಯಲು 9 ದಿನ ಬಾಕಿ ಇತ್ತು. ಕೂಡಲೇ ಬಿಚ್ಚಿದೆ. ಸರ್ವಿಸ್ ಸೆಂಟರಿಗೆ ಮನೆಯ ಫೋಟೋ ಸಮೇತ ಯಾಕೆ ಕಳಿಸೋದು ಅಂತ ಹಳೇ ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಾಕ್‌ನಲ್ಲಿ ಹಾಕಿ ಪೂರ್ತಿ ಸೊನ್ನೆ ಬರೆದು ಒರೆಸಿದೆ. ಎಂಟೂವರೆ ಗಂಟೆ ಹಿಡಿಯಿತು. ಒಂದೇ ಒಂದು ಎರರ್ ಬರಲಿಲ್ಲ. ಸತ್ತ ಡಿಸ್ಕ್ ಹೀಗೆ ಓಡುತ್ತಾ ಅಂತ ನಾನು ಕೇಳಿಕೊಳ್ಳಲೂ ಇಲ್ಲ. ಪ್ಯಾಕ್ ಮಾಡಿ ಕೊರಿಯರ್ ಮಾಡಿದೆ.

ಸಿಕ್ಕ ಅಂಗಡಿಯಲ್ಲಿ ಸಿಕ್ಕ 4 ಟಿಬಿ ಡಿಸ್ಕ್ ತಂದು ಅದೇ ಜಾಗಕ್ಕೆ, ಅದೇ ಕೇಬಲ್ಲಿಗೆ ಸಿಕ್ಕಿಸಿದೆ. ರೀಬಿಲ್ಡ್, ಅಂದರೆ ಉಳಿದ ಮೂರರಿಂದ ಲೆಕ್ಕ ಹಾಕಿ ಹೊಸ ಡಿಸ್ಕ್ ತುಂಬಿಸುವ ಕೆಲಸ, ಶುರುವಾಯಿತು. ಮೊದಲು ಸೆಕೆಂಡಿಗೆ 130 ಎಂಬಿ, ಆಮೇಲೆ 15ಕ್ಕೆ ಇಳಿಯಿತು. ಹೊಸ ಡಿಸ್ಕ್ ಎಸ್‌ಎಂಆರ್ ಜಾತಿಯದು ಅಂತ ಆಮೇಲೆ ಗೊತ್ತಾಯಿತು. ಮನೆಗೆ ಹೆಂಚು ಹೊದಿಸಿದ ಹಾಗೆ ಅದರಲ್ಲಿ ಒಂದು ಟ್ರ್ಯಾಕಿನ (ಡೇಟಾ ಬರೆಯುವ ಗೆರೆ) ಅಂಚಿನ ಮೇಲೆ ಇನ್ನೊಂದು ಟ್ರ್ಯಾಕ್ ಕೂತಿರುತ್ತದೆ. ನಡುವಿನ ಒಂದು ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಿ ಮತ್ತೆ ಜೋಡಿಸಬೇಕಲ್ಲ, ಹಾಗೇ. ಫೋಟೋ ತುಂಬಿಡಲು ಅಡ್ಡಿಯಿಲ್ಲ. ರೇಡ್ ರೀಬಿಲ್ಡಿಗೆ ಮಾತ್ರ ಬೇಡವೇ ಬೇಡ. ಕೊಳ್ಳುವಾಗ ಸಿಎಂಆರ್ (ಟ್ರ್ಯಾಕ್ ಮೇಲೆ ಟ್ರ್ಯಾಕ್ ಕೂರದ ಜಾತಿ) ಅಂತ ಬಾಯಿಬಿಟ್ಟು ಕೇಳಿ ತನ್ನಿ.

ಎರಡನೇ ದಿನ ರಾತ್ರಿ, ಶೇಕಡಾ 61ರಲ್ಲಿ, ಉಳಿದ ಹಳೇ ಮೂರರಲ್ಲಿ ಎರಡನೇ ಡಿಸ್ಕ್ ಕೂಡ ಹೊರಬಿತ್ತು. ಅರೇ, ಅಂದರೆ ಡಿಸ್ಕ್‌ಗಳ ಇಡೀ ಗುಂಪು, ನಿಂತುಹೋಯಿತು.

ಈ ಎರಡನೇ ಡಿಸ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದರಲ್ಲಿ ನಿಜವಾಗಿಯೂ ಕೆಲವು ಸೆಕ್ಟರ್ (ಡೇಟಾ ಇಡುವ ಪುಟ್ಟ ಪುಟ್ಟ ಜಾಗ) ಕೆಟ್ಟಿದ್ದವು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವಾದ ಸ್ಮಾರ್ಟ್ ವರದಿಯ 197ನೇ ಸಾಲಿನಲ್ಲಿ, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಎಣಿಕೆ ಕೂತಿತ್ತು. ಆದರೆ ಅಷ್ಟಕ್ಕೇ ಇಡೀ ಡಿಸ್ಕ್ ಹೊರಬೀಳಬೇಕಿರಲಿಲ್ಲ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಓದಲಾಗದ ಸೆಕ್ಟರ್ ಸಿಕ್ಕರೆ ಹಟಕ್ಕೆ ಬಿದ್ದು ನಿಮಿಷಗಟ್ಟಲೆ ಪ್ರಯತ್ನ ಮಾಡುತ್ತದೆ. ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) ಕಾಯುವುದು 30 ಸೆಕೆಂಡ್ ಮಾತ್ರ. ಉತ್ತರ ಬರದಿದ್ದರೆ ಸಂಪರ್ಕವನ್ನೇ ರೀಸೆಟ್ ಮಾಡುತ್ತದೆ, ರೇಡ್ ಆ ಡಿಸ್ಕನ್ನು ಸತ್ತವರ ಪಟ್ಟಿಗೆ ಸೇರಿಸುತ್ತದೆ. ಇಂಥ ಸರ್ವರ್‌ಗೆಂದೇ ಮಾಡಿದ ನ್ಯಾಸ್ ಡಿಸ್ಕ್‌ಗಳು ಸುಮಾರು 7 ಸೆಕೆಂಡಿನಲ್ಲಿ ಕೈಚೆಲ್ಲಿ "ಈ ಸೆಕ್ಟರ್ ಆಗಲ್ಲ" ಅಂತ ಹೇಳಿಬಿಡುತ್ತವೆ. ನಿಮ್ಮ ಡಿಸ್ಕಿನಲ್ಲಿ ಈ ಮಿತಿ ಹಾಕಲು ಆಗುತ್ತಾ ಅಂತ ಡಿಸ್ಕ್ ಪರೀಕ್ಷಿಸುವ ಆಜ್ಞೆಯಾದ ಸ್ಮಾರ್ಟ್‌ಸಿಟಿಎಲ್‌ನ ಎಸ್‌ಸಿಟಿ ಇಆರ್‌ಸಿ ಆಯ್ಕೆಯಲ್ಲಿ ನೋಡಿ. ಅಲ್ಲಿ 70 ಅಂತ ಕೊಟ್ಟರೆ 7 ಸೆಕೆಂಡ್, ಎಣಿಕೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಆಗದಿದ್ದರೆ ಕರ್ನಲ್‌ನ ಕಾಯುವ ಸಮಯವನ್ನೇ 180 ಸೆಕೆಂಡಿಗೆ ಏರಿಸಿ. ಎರಡನ್ನೂ ಬೂಟ್ ಸ್ಕ್ರಿಪ್ಟಿನಲ್ಲಿ ಬರೆದಿಡಿ. ಕರೆಂಟ್ ಹೋಗಿ ಬಂದರೆ ಮರೆತುಹೋಗುವ ಸೆಟ್ಟಿಂಗ್ ಇವು.

ಇನ್ನೊಂದು ತಪ್ಪೊಪ್ಪಿಗೆ. ಉಬುಂಟುವಿನಲ್ಲಿ ತಿಂಗಳ ಮೊದಲ ಭಾನುವಾರ ಇಡೀ ಅರೇಯನ್ನು ಓದಿ ತಾಳೆ ನೋಡುವ ಏರ್ಪಾಡು ತಾನಾಗಿಯೇ ಇರುತ್ತದೆ. ಓದಲಾಗದ ಸೆಕ್ಟರ್ ಸಿಕ್ಕರೆ ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಅಲ್ಲೇ ತಿರುಗಿ ಬರೆದು ಸರಿಪಡಿಸುತ್ತದೆ. ರಾತ್ರಿಯಿಡೀ ಗರ್ ಅಂತ ಸದ್ದು, ನಿದ್ದೆ ಬರಲ್ಲ ಅಂತ ನಾನು ಅದನ್ನು ನಿಲ್ಲಿಸಿದ್ದೆ.

ಆ ರಾತ್ರಿ ಪರಿಚಿತರೊಬ್ಬರು ಫೋನಿನಲ್ಲಿ, "ಅದೇ ಡಿಸ್ಕ್ ಕೊಟ್ಟು ಮತ್ತೆ ಕ್ರಿಯೇಟ್ ಹೊಡೀರಿ, ಎದ್ದು ಕೂರುತ್ತೆ" ಅಂದರು. ಕ್ರಿಯೇಟ್ ಅಂದರೆ ಅರೇಯನ್ನು ಹೊಸದಾಗಿ ಕಟ್ಟುವ ಆಜ್ಞೆ. ಟೈಪ್ ಮಾಡಿಯೂಬಿಟ್ಟೆ. ಇವು ಆಗಲೇ ಬೇರೊಂದು ಅರೇಯ ಭಾಗ, ಮುಂದುವರಿಸಲಾ ಅಂತ ಎಂಡಿಅಡ್ಮ್ ಕೇಳಿತು. ಸುಮ್ನೆ ಕೈ ನಿಂತಿತು, ಅಷ್ಟೇ ನನ್ನ ಪುಣ್ಯ. ಡಿಸ್ಕ್‌ಗಳ ಕ್ರಮ ತಪ್ಪಿದರೆ, ಚಂಕ್ (ಒಂದೊಂದು ಡಿಸ್ಕಿಗೆ ಹಂಚುವ ಡೇಟಾದ ತುಂಡು) ಗಾತ್ರ ಬೇರೆಯಾದರೆ, ಕ್ರಿಯೇಟ್ ಇದ್ದದ್ದನ್ನೂ ಕಲಸಿ ಹಾಕುತ್ತದೆ. ಎಂಡಿಅಡ್ಮ್‌ನ ಆವೃತ್ತಿ ಬದಲಾದರೆ ಡೇಟಾ ಶುರುವಾಗುವ ಜಾಗವೂ ಬದಲಾಗಿರಬಹುದು. ಎಲ್ಲಕ್ಕಿಂತ ಮೊದಲು ಎಂಡಿಅಡ್ಮ್‌ಗೆ ಎಕ್ಸಾಮಿನ್ ಆಜ್ಞೆ ಕೊಟ್ಟು ಪ್ರತಿ ಡಿಸ್ಕಿನ ವಿವರವನ್ನು ಬೇರೆ ಯಂತ್ರದಲ್ಲಿ ಉಳಿಸಿಕೊಳ್ಳಿ. ಯಾವ ಡಿಸ್ಕ್ ಎಷ್ಟನೆಯದು, ಯಾವುದರ ಇವೆಂಟ್ ಎಣಿಕೆ (ಅರೇ ಬದಲಾದಂತೆ ಏರುವ ಸಂಖ್ಯೆ) ಎಲ್ಲಿ ನಿಂತಿದೆ, ಎಲ್ಲ ಅದರಲ್ಲಿ ಇರುತ್ತದೆ.

ಬೆಳಿಗ್ಗೆ ಎಲ್ಲ ಆಫ್ ಮಾಡಿ ಇನ್ನೊಂದು ಡಿಸ್ಕ್ ತಂದೆ, ಈ ಸಲ ಕೇಳಿ ತಂದೆ. ಕೆಟ್ಟ ಡಿಸ್ಕಿನಿಂದ ಆದಷ್ಟನ್ನೂ ಓದಿ ನಕಲಿಸುವ ಡಿಡಿರೆಸ್ಕ್ಯೂನಿಂದ ಎರಡನೇ ಡಿಸ್ಕನ್ನು ಅದಕ್ಕೆ ನಕಲು ಮಾಡಿದೆ. ಎಲ್ಲಿವರೆಗೆ ಓದಿದೆ ಅಂತ ಗುರುತಿಡುವ ಮ್ಯಾಪ್ ಫೈಲ್ ಕೊಡದೆ ಇದನ್ನು ಓಡಿಸಬೇಡಿ. ನಡುವೆ ಕರೆಂಟ್ ಹೋದರೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಕೊನೆಗೆ 4 ಟಿಬಿಯಲ್ಲಿ ಓದಲಾಗದೆ ಉಳಿದದ್ದು ಬರೀ 96 ಕೆಬಿ. ಆ ನಕಲು, ಜೊತೆಗೆ ಒಂದನೇ ಮತ್ತು ಮೂರನೇ ಡಿಸ್ಕ್ ಸೇರಿಸಿ ಅಸೆಂಬಲ್ ಫೋರ್ಸ್ (ಇದ್ದ ಅರೇಯನ್ನೇ ಬಲವಂತವಾಗಿ ಮತ್ತೆ ಜೋಡಿಸುವ ಆಜ್ಞೆ) ಕೊಟ್ಟೆ. ಎದ್ದಿತು. ರೀಡ್ ಓನ್ಲಿಯಾಗಿ (ಓದಲು ಮಾತ್ರ) ಮೌಂಟ್ ಮಾಡಿ ಎಲ್ಲವನ್ನೂ ಹೊರಗೆ ನಕಲು ಮಾಡಿಕೊಂಡೆ.

ಆ 96 ಕೆಬಿ ಮೂರು ಫೈಲ್‌ಗಳಲ್ಲಿ ಹಂಚಿಕೊಂಡಿತ್ತು. ಎರಡು ಏನೋ ಸಿನಿಮಾ, ಹೋದರೆ ಹೋಗಲಿ. ಮೂರನೆಯದು ಅಜ್ಜಿಯ ರೆಕಾರ್ಡಿಂಗ್. ಹಸೆಗೆ ಕರೆಯುವ ಪದ ಅರ್ಧಕ್ಕೆ ಬರುತ್ತಿದ್ದಂತೆ ಕರಕರ ಸದ್ದು, ಆಮೇಲೆ ಒಂದೆರಡು ಸಾಲು ಇಲ್ಲ. ಅಜ್ಜಿ ಹೋಗಿ ಆರು ವರ್ಷ ಆಯಿತು. ಆ ಎರಡು ಸಾಲು ಅಮ್ಮನಿಗೂ ನೆನಪಿಲ್ಲ.

ನಾಲ್ಕನೇ ಡಿಸ್ಕ್ ಒರೆಸದೆ ಇಟ್ಟಿದ್ದರೆ ಅದೂ ಸಿಗುತ್ತಿತ್ತು. ಅದು 19 ದಿನ ಹಿಂದೆ ಉಳಿದಿತ್ತು, ನಿಜ. ಅಜ್ಜಿಯ ಫೈಲ್ ವರ್ಷಗಳಿಂದ ಬದಲಾಗಿರಲಿಲ್ಲ. ಒಂದು, ಮೂರು, ನಾಲ್ಕು ಸೇರಿಸಿದ್ದರೆ ಎರಡನೆಯದರಲ್ಲಿ ಓದಲಾಗದ ಜಾಗ ಲೆಕ್ಕದಿಂದಲೇ ಹೊರಬರುತ್ತಿತ್ತು.

ಎರಡು ವಾರದ ಮೇಲೆ ಸರ್ವಿಸ್ ಸೆಂಟರಿನಿಂದ ಡಿಸ್ಕ್ ವಾಪಸ್ ಬಂತು. ಪರೀಕ್ಷೆಯಲ್ಲಿ ಯಾವ ದೋಷವೂ ಕಂಡಿಲ್ಲ ಅಂತ ಚೀಟಿ. ಆಗ ಮೊದಲ ಬಾರಿಗೆ ಅದರ ಸ್ಮಾರ್ಟ್ ವರದಿ ತೆಗೆದೆ. ಕೆಟ್ಟ ಸೆಕ್ಟರ್ ಎಣಿಸುವ 5, 197, 198ನೇ ಸಾಲುಗಳೆಲ್ಲ ಸೊನ್ನೆ. 199ರಲ್ಲಿ ಮಾತ್ರ 1,846. ಅದು ಡಿಸ್ಕ್ ಮತ್ತು ಬೋರ್ಡಿನ ನಡುವೆ ಹಾದಿಯಲ್ಲಿ ಕೆಟ್ಟ ಡೇಟಾದ ಎಣಿಕೆ, ಬಹುಪಾಲು ಕೇಬಲ್ಲಿನ ತಪ್ಪು. ಅದೇ ಕೇಬಲ್ಲಿಗೆ ಸಿಕ್ಕಿಸಿದ್ದ ಹೊಸ ಡಿಸ್ಕಿನಲ್ಲೂ ಎರಡೇ ದಿನಕ್ಕೆ 37 ಆಗಿತ್ತು. ಒಂದು ಕೇಬಲ್, ನೂರಿನ್ನೂರು ರೂಪಾಯಿ.

ಕೇಬಲ್ ಕತ್ತರಿಸಿ ಎಸೆದೆ. ವಾಪಸ್ ಬಂದ ಡಿಸ್ಕ್ ಈಗ ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲಿದೆ, ಫೋಟೋಗಳ ಬ್ಯಾಕಪ್ಪಿಗೆ. ಹಬ್ಬಕ್ಕೆ ಹೋದಾಗಲೆಲ್ಲ ಸಿಕ್ಕಿಸಿ ಹೊಸದನ್ನು ತುಂಬಿಸುತ್ತೇನೆ, 199ನೇ ಸಾಲನ್ನೂ ಒಮ್ಮೆ ನೋಡುತ್ತೇನೆ. ಮೊನ್ನೆ ಯುಗಾದಿಗೂ 1,846ರಲ್ಲೇ ನಿಂತಿತ್ತು.