ವಿನ್‌ಐಎಸ್‌ಡಿ: ಹಲಗೆ ಕತ್ತರಿಸುವ ಮೊದಲೇ ಸಬ್‌ವೂಫರ್ ಬಾಕ್ಸ್‌ನ ಪರೀಕ್ಷೆ

ಸಬ್‌ವೂಫರ್ ಕೊಂಡಾಗ ರಟ್ಟಿನ ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ವ್ಯಾಟ್. ಅದನ್ನು ಕೂರಿಸುವ ಬಾಕ್ಸ್ ಎಷ್ಟು ದೊಡ್ಡದಿರಬೇಕು, ಪೂರ್ತಿ ಮುಚ್ಚಿರಬೇಕೋ (ಸೀಲ್ಡ್), ಗಾಳಿಯಾಡುವ ಪೈಪಿನ ಪೋರ್ಟ್ ಇರಬೇಕೋ (ಪೋರ್ಟೆಡ್) ಎಂದು ಹೇಳುವ ಅಂಕಿಗಳು ಒಳಗಿನ ಹಾಳೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತವೆ: ಎಫ್‌ಎಸ್ (ಸ್ಪೀಕರ್‌ನ ಅಲುಗುವ ಕೋನ್ ಸಹಜವಾಗಿ ಕಂಪಿಸುವ ಆವರ್ತನ), ಕ್ಯೂಟಿಎಸ್ (ಆ ಕಂಪನಕ್ಕೆ ಒಟ್ಟು ಎಷ್ಟು ತಡೆ ಇದೆ ಎಂಬುದರ ಅಂಕಿ, ಕಡಿಮೆಯಾದಷ್ಟೂ ತಡೆ ಹೆಚ್ಚು), ವಿಎಎಸ್ (ಕೋನ್‌ನ ಹಿಡಿತದಷ್ಟೇ ಮೆತ್ತಗಿರುವ ಗಾಳಿಯ ಪ್ರಮಾಣ). ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಪ್ರಬಂಧ ಮತ್ತು 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಮುಂದುವರಿಸಿದ ಕೆಲಸ ಈ ಅಂಕಿಗಳ ಬೇರು. ಅವನ್ನು ಗೆರೆಚಿತ್ರವಾಗಿಸಿ ತೋರಿಸುವ ತಂತ್ರಾಂಶವೇ ವಿನ್‌ಐಎಸ್‌ಡಿ. ಉಚಿತ, ವಿಂಡೋಸ್‌ನಲ್ಲಿ ಓಡುತ್ತದೆ, ನೋಡಲು ತೀರಾ ಹಳೆಯ ಕಾಲದ್ದು. ಆದರೂ ಬಾಕ್ಸ್ ಮಾಡಿಸುವವರು ಬಡಗಿಯ ಹತ್ತಿರ ಹೋಗುವ ಮೊದಲು ಇದರ ಮುಂದೆ ಅರ್ಧ ಗಂಟೆ ಕೂರಲೇಬೇಕು.

ಉದಾಹರಣೆಗೆ 12 ಇಂಚಿನ ಒಂದು ಡ್ರೈವರ್ (ಬಾಕ್ಸ್ ಇಲ್ಲದ ಬರೀ ಸ್ಪೀಕರ್) ಇಟ್ಟುಕೊಳ್ಳೋಣ. ಎಫ್‌ಎಸ್ 28 ಹರ್ಟ್ಸ್, ಕ್ಯೂಟಿಎಸ್‌ನ ವಿದ್ಯುತ್ ಪಾಲು ಕ್ಯೂಇಎಸ್ 0.50, ಯಾಂತ್ರಿಕ ಪಾಲು ಕ್ಯೂಎಂಎಸ್ 4.5, ವಿಎಎಸ್ 60 ಲೀಟರ್, ಕೋನ್‌ನ ವಿಸ್ತೀರ್ಣ ಎಸ್‌ಡಿ 480 ಚದರ ಸೆಂ.ಮೀ., ಕೋನ್ ಸರಿಯಾಗಿ ಚಲಿಸಬಲ್ಲ ದೂರ ಎಕ್ಸ್‌ಮ್ಯಾಕ್ಸ್ 12 ಮಿ.ಮೀ. ಇವನ್ನು ತುಂಬಿಸುವಾಗಲೇ ಹೆಚ್ಚಿನವರು ಸೋತು ಕೈಬಿಡುತ್ತಾರೆ. ಕಂಪನಿಯ ಹಾಳೆಯಲ್ಲಿರುವ ಎಲ್ಲ ಅಂಕಿಗಳನ್ನೂ ಹಾಕಿದರೆ, ದಶಮಾಂಶಗಳನ್ನು ಮೊಟಕುಗೊಳಿಸಿರುವುದರಿಂದ ಒಂದಕ್ಕೊಂದು ತಾಳೆಯಾಗದೆ ತಂತ್ರಾಂಶ ತಕರಾರು ತೆಗೆಯುತ್ತದೆ. ಗೊತ್ತಿಲ್ಲದ್ದನ್ನು ತಾನೇ ಲೆಕ್ಕ ಹಾಕಿಕೊಳ್ಳುವ ಆಯ್ಕೆಗೆ ಗುರುತು ಹಾಕಿ, ಮೊದಲು ಕ್ಯೂಇಎಸ್ ಮತ್ತು ಕ್ಯೂಎಂಎಸ್ ಕೊಡಿ. ಕ್ಯೂಟಿಎಸ್ 0.45 ಎಂದು ತಾನಾಗಿ ಬರುತ್ತದೆ. ಆಮೇಲೆ ಎಫ್‌ಎಸ್, ವಿಎಎಸ್, ಎಸ್‌ಡಿ, ಕಾಯಿಲ್‌ನ ರೋಧ. ಕೋನ್‌ನ ತೂಕ, ಬಿಎಲ್ (ಮ್ಯಾಗ್ನೆಟ್ ಮತ್ತು ಕಾಯಿಲ್‌ನ ಬಲ) ಮುಂತಾದವನ್ನು ಅದಕ್ಕೇ ಬಿಡಿ. ಅಂಕಿಯ ಪಕ್ಕದ ಮಾನದ ಮೇಲೆ ಒತ್ತಿದರೆ ಮಾನ ಬದಲಾಗುತ್ತದೆ. ವಿಎಎಸ್ ಘನ ಅಡಿಯಲ್ಲಿದ್ದರೆ 28.3ರಿಂದ ಗುಣಿಸಿ ಲೀಟರ್ ಮಾಡಿಕೊಳ್ಳಿ. ಎಕ್ಸ್‌ಮ್ಯಾಕ್ಸ್ ಒಂದು ಕಡೆಗೆ ಮಾತ್ರವೋ, ಹಿಂದೆ ಮುಂದೆ ಎರಡೂ ಸೇರಿಯೋ ಎಂದೂ ನೋಡಿ. ಎರಡೂ ಸೇರಿದ ಅಂಕಿಯಾದರೆ ಅದರ ಅರ್ಧವನ್ನೇ ಹಾಕಬೇಕು.

ಎರಡು ಕಾಯಿಲ್‌ನ ಡ್ರೈವರ್‌ಗಳಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಎರಡನ್ನೂ ಸೀರೀಸ್‌ನಲ್ಲಿ ಜೋಡಿಸಿ, ಪ್ಯಾರಲಲ್‌ನಲ್ಲಿ ಜೋಡಿಸಿ, ಕ್ಯೂಟಿಎಸ್ ಬದಲಾಗದು. ಒಂದನ್ನೇ ಜೋಡಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಕ್ಯೂಇಎಸ್ ಇಮ್ಮಡಿಯಾಗಿ, ನಮ್ಮ 0.45 ಹೋಗಿ 0.82 ಆಗುತ್ತದೆ. ಆಗ ಅದಕ್ಕೆ ಬೇಕಾದ ಬಾಕ್ಸೇ ಬೇರೆ.

ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿದರೆ ಈಬಿಪಿ ಎಂಬ ಸೂಚಕ ಅಂಕಿ ಸಿಗುತ್ತದೆ. 50ಕ್ಕಿಂತ ಕಡಿಮೆ ಬಂದರೆ ಸೀಲ್ಡ್, 100ರ ಹತ್ತಿರ ಬಂದರೆ ಪೋರ್ಟೆಡ್ ಎಂಬುದು ರೂಢಿ. ನಮ್ಮದು 56, ಎರಡಕ್ಕೂ ಒಗ್ಗುತ್ತದೆ. ಇದು ದಿಕ್ಕು ತೋರಿಸುವ ಅಂಕಿ ಮಾತ್ರ, ತೀರ್ಪು ಕೊಡಬೇಕಾದ್ದು ಗೆರೆಚಿತ್ರ.

ಮೊದಲು ಸೀಲ್ಡ್ ಬಾಕ್ಸ್. 41 ಲೀಟರ್ ಕೊಟ್ಟರೆ ಬಾಕ್ಸ್ ಸೇರಿದ ಕ್ಯೂ, ಅಂದರೆ ಕ್ಯೂಟಿಸಿ, 0.707ಕ್ಕೆ ಬಂದು ನಿಲ್ಲುತ್ತದೆ. ಯಾವ ಸ್ವರ ಎಷ್ಟು ಜೋರು ಎಂದು ತೋರಿಸುವ ಗೆರೆ ಎಲ್ಲೂ ಉಬ್ಬದೆ 44 ಹರ್ಟ್ಸ್‌ನಲ್ಲಿ 3 ಡಿಬಿ (ಡೆಸಿಬೆಲ್) ಇಳಿದಿರುತ್ತದೆ. ಅದೇ ಡ್ರೈವರನ್ನು 20 ಲೀಟರಿಗೆ ತುರುಕಿದರೆ ಕ್ಯೂಟಿಸಿ 0.90. ಉಬ್ಬು ಮುಕ್ಕಾಲು ಡಿಬಿಯೂ ಇಲ್ಲ, ಆದರೆ 30 ಹರ್ಟ್ಸ್‌ನಲ್ಲಿ 41 ಲೀಟರ್‌ಗಿಂತ 2.7 ಡಿಬಿ ಕಡಿಮೆ. 12 ಲೀಟರಿಗೆ ಇಳಿದರೆ ಕ್ಯೂಟಿಸಿ 1.10 ಆಗಿ 1.8 ಡಿಬಿ ಉಬ್ಬುತ್ತದೆ. ಬಾಸ್ ಜೋರಾಗಿದೆ ಅನ್ನಿಸಿದರೂ ಎಲ್ಲ ಹಾಡಿನಲ್ಲೂ ಒಂದೇ ಸ್ವರ ಗುಮ್ಮೆನ್ನುವುದು ಇಂಥ ಬಾಕ್ಸ್‌ಗಳಲ್ಲಿ. ಹಾಗೆಂದು ಚಿಕ್ಕ ಬಾಕ್ಸ್ ಎಂದರೆ ಕೆಟ್ಟದ್ದೇ ಎಂದಲ್ಲ. ಒಳಗಿನ ಗಾಳಿ ಗಟ್ಟಿ ಸ್ಪ್ರಿಂಗ್‌ನಂತೆ ಕೋನ್ ಅನ್ನು ಹಿಡಿದಿಡುತ್ತದೆ. 300 ವ್ಯಾಟ್‌ಗೆ, 30 ಹರ್ಟ್ಸ್‌ನಲ್ಲಿ, 41 ಲೀಟರ್ ಬಾಕ್ಸ್‌ನ ಕೋನ್ 13 ಮಿ.ಮೀ. ಆಸುಪಾಸು ಚಲಿಸಿ ಎಕ್ಸ್‌ಮ್ಯಾಕ್ಸ್ ದಾಟುತ್ತದೆ. 20 ಲೀಟರಿನದ್ದು ಒಂಬತ್ತೂವರೆಯಲ್ಲೇ ಉಳಿಯುತ್ತದೆ. ಈ ಕೋನ್ ಚಲನೆಯ ಚಿತ್ರವೇ ವಿನ್‌ಐಎಸ್‌ಡಿಯ ಅತಿ ಬೆಲೆಬಾಳುವ ಪುಟ. ಒಂದು ಎಚ್ಚರಿಕೆ: ತಂತ್ರಾಂಶ ತಾನಾಗಿ ಇಟ್ಟುಕೊಳ್ಳುವುದು 1 ವ್ಯಾಟ್. ಸಿಗ್ನಲ್ ವಿಭಾಗಕ್ಕೆ ಹೋಗಿ ನಿಮ್ಮ ಆಂಪ್ಲಿಫೈಯರ್‌ನ ನಿಜವಾದ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ) ವ್ಯಾಟ್ ಹಾಕದಿದ್ದರೆ ಯಾವ ಡ್ರೈವರ್ ಆದರೂ ಸುರಕ್ಷಿತವಾಗಿಯೇ ಕಾಣುತ್ತದೆ.

ಇನ್ನು ಪೋರ್ಟೆಡ್. 60 ಲೀಟರ್, ಟ್ಯೂನಿಂಗ್ (ಪೋರ್ಟಿನ ಗಾಳಿ ಅನುರಣಿಸುವ ಆವರ್ತನ) 25 ಹರ್ಟ್ಸ್ ಇಟ್ಟರೆ ಗೆರೆ ಸಾಕಷ್ಟು ಸಪಾಟಾಗಿ ಇಳಿದು, 30 ಹರ್ಟ್ಸ್‌ನಲ್ಲಿ 41 ಲೀಟರ್ ಸೀಲ್ಡ್‌ಗಿಂತ 6 ಡಿಬಿಯಷ್ಟು ಮೇಲಿರುತ್ತದೆ. ಅಷ್ಟನ್ನು ವ್ಯಾಟ್‌ನಿಂದ ಗಳಿಸಬೇಕೆಂದರೆ ನಾಲ್ಕು ಪಟ್ಟು ಶಕ್ತಿ ಬೇಕು. ಅದೇ 60 ಲೀಟರನ್ನು 30 ಹರ್ಟ್ಸ್‌ಗೆ ಟ್ಯೂನ್ ಮಾಡಿದರೆ 36 ಹರ್ಟ್ಸ್ ಸುತ್ತ ಕಣ್ಣಿಗೆ ರಾಚುವಂಥ ಉಬ್ಬು ಏಳುತ್ತದೆ. 5 ಹರ್ಟ್ಸ್ ವ್ಯತ್ಯಾಸಕ್ಕೆ ಬಾಕ್ಸ್‌ನ ಸ್ವಭಾವವೇ ಬದಲಾಗುವುದನ್ನು ಪರದೆಯ ಮೇಲೆ ನೋಡಿದವರು ಅಂದಾಜಿನ ಪೈಪ್ ಹಾಕಿಸಲು ಒಪ್ಪುವುದಿಲ್ಲ.

ಪೈಪಿನ ಲೆಕ್ಕದಲ್ಲಿ ನಿಧಾನ ಮಾಡಿ. ಒಳವ್ಯಾಸ 7.5 ಸೆಂ.ಮೀ. ಇದ್ದರೆ ಉದ್ದ 30 ಸೆಂ.ಮೀ. ಸಾಕು ಎನ್ನುತ್ತದೆ ತಂತ್ರಾಂಶ, 10 ಸೆಂ.ಮೀ. ಇದ್ದರೆ 55. ಚಿಕ್ಕದೇ ಸುಲಭ ಎಂದು ಅದನ್ನೇ ಆರಿಸುವ ಮುನ್ನ ಪೋರ್ಟ್‌ನ ಗಾಳಿಯ ವೇಗದ ಚಿತ್ರ ತೆರೆಯಿರಿ. 300 ವ್ಯಾಟ್‌ಗೆ 25 ಹರ್ಟ್ಸ್‌ನಲ್ಲಿ ಚಿಕ್ಕ ಪೈಪಿನೊಳಗೆ ವೇಗ ಸೆಕೆಂಡಿಗೆ 40 ಮೀಟರ್ ದಾಟಿ, ಬಾಸ್ ಜೊತೆಗೆ ಬುಸ್ ಎಂಬ ಸದ್ದೂ ಬರುತ್ತದೆ. 17 ಮೀಟರ್ ಒಳಗಿದ್ದರೆ ನಿಶ್ಚಿಂತೆ. ಸಂಗೀತದಲ್ಲಿ 25 ಹರ್ಟ್ಸ್‌ಗೆ ಪೂರ್ತಿ ವ್ಯಾಟ್ ಬೀಳುವುದು ಅಪರೂಪವಾದ್ದರಿಂದ ಇಪ್ಪತ್ತರ ಮೇಲೆ ಸ್ವಲ್ಪ ಹೋದರೂ ನಡೆಯುತ್ತದೆ. ದೊಡ್ಡ ಪೈಪ್ ಎರಡು ಹಾಕೋಣವೆಂದರೆ ಪ್ರತಿಯೊಂದರ ಉದ್ದ 118 ಸೆಂ.ಮೀ.ಗೆ ಏರುತ್ತದೆ! ಹಲಗೆಯನ್ನೇ ಮಡಿಸಿ ಸೀಳುಪೋರ್ಟ್ ಮಾಡುವುದು, ಇಲ್ಲವೇ ಪೈಪಿನ ಬದಲು ಕಾಯಿಲ್ ಇಲ್ಲದ ಕೋನ್ ಕೂರಿಸುವ ಪ್ಯಾಸಿವ್ ರೇಡಿಯೇಟರ್‌ಗೆ ಹೋಗುವುದು ಈ ಕಾರಣಕ್ಕೇ.

ನಮ್ಮ ಅಂಗಡಿಗಳಲ್ಲಿ ಸಿಗುವ ಪಿವಿಸಿ ಪೈಪಿನ ಮೇಲೆ ಬರೆದಿರುವುದು ಹೊರವ್ಯಾಸ ಎಂಬುದನ್ನು ಮರೆಯಬೇಡಿ. 110 ಮಿ.ಮೀ. ಪೈಪಿನ ಒಳಗೆ ಸುಮಾರು 104 ಇರುತ್ತದೆ. 104 ಎಂದು ಕೊಟ್ಟರೆ ಉದ್ದ 60 ಸೆಂ.ಮೀ., 110 ಎಂದು ಕೊಟ್ಟರೆ 68. ಪೈಪಿನ ಒಳತುದಿ ಎದುರಿನ ಗೋಡೆಯಿಂದ ಒಂದು ವ್ಯಾಸದಷ್ಟಾದರೂ ದೂರವಿರಲಿ.

ತಂತ್ರಾಂಶ ಹೇಳುವ ಲೀಟರ್ ಬರೀ ಗಾಳಿಯದ್ದು, ಇದನ್ನು ಅದು ನೆನಪಿಸುವುದಿಲ್ಲ. ಡ್ರೈವರ್‌ನ ಮ್ಯಾಗ್ನೆಟ್‌ಗೆ 3 ಲೀಟರ್, ಅಡ್ಡಪಟ್ಟಿಗಳಿಗೆ 2, ಪೈಪಿಗೆ 5ರಿಂದ 6 ಕೂಡಿಸಿದರೆ 60ರ ಬಾಕ್ಸ್‌ಗೆ ಒಳ ಅಳತೆ 70 ಲೀಟರಿನಷ್ಟು ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ತಯಾರು ಬಾಕ್ಸ್ ಕೊಳ್ಳುವವರೂ ಅಳತೆ ಟೇಪ್ ಒಯ್ಯಲಿ. ಒಳಗಿನ ಉದ್ದ, ಅಗಲ, ಆಳವನ್ನು ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್. '12 ಇಂಚಿನ ಬಾಕ್ಸ್' ಎಂದರೆ ತೂತಿನ ಅಳತೆ ಸರಿಯಿದೆ ಎಂದಷ್ಟೇ ಅರ್ಥ. ಹಲಗೆ 18 ಮಿ.ಮೀ. ಎಂಡಿಎಫ್ ಇರಲಿ, ಕರಾವಳಿ ಮಲೆನಾಡಿನ ಮಳೆಗೆ ಮರೀನ್ ಪ್ಲೈ ವಾಸಿ, ಎಂಡಿಎಫ್ ನೀರು ಹೀರಿ ಊದಿಕೊಳ್ಳುತ್ತದೆ.

ಕೊರತೆಗಳೂ ಇವೆ. ಗೆರೆಚಿತ್ರದಲ್ಲಿ ನಿಮ್ಮ ಕೋಣೆಯಾಗಲಿ ಕಾರಾಗಲಿ ಇರುವುದಿಲ್ಲ. ಕಿಟಕಿ ಮುಚ್ಚಿದ ಚಿಕ್ಕ ಕಾರಿನಲ್ಲಿ ಕೆಳಸ್ವರಗಳು ತಾವಾಗಿ ಏರುತ್ತವೆ. ಸೀಲ್ಡ್ ಬಾಕ್ಸ್‌ನ ಇಳಿತವನ್ನು ಆ ಏರಿಕೆ ಬಹುಪಾಲು ತುಂಬಿಕೊಡುವುದರಿಂದ, ಈ ಡ್ರೈವರ್‌ಗೆ ಕಾರಿನಲ್ಲಾದರೆ 41 ಲೀಟರ್ ಸೀಲ್ಡ್, ಮನೆಯ ಹಾಲ್‌ನಲ್ಲಾದರೆ 60ರ ಪೋರ್ಟೆಡ್ ಎಂಬುದು ನಮ್ಮ ಆಯ್ಕೆ. ಹಾರ್ನ್, ಟ್ರಾನ್ಸ್‌ಮಿಷನ್ ಲೈನ್‌ನಂಥ ಬೇರೆ ಬಗೆಯ ಬಾಕ್ಸ್ ಮಾಡುವವರಿಗೆ ಇದು ಸಾಲದು, ಅದಕ್ಕೆ ಹಾರ್ನ್‌ರೆಸ್ಪ್ ಎಂಬ ತಂತ್ರಾಂಶ ಇದೆ, ಅದೂ ಉಚಿತ. ಟ್ಯೂನಿಂಗ್‌ಗಿಂತ ಕೆಳಗೆ ಪೋರ್ಟೆಡ್ ಬಾಕ್ಸ್‌ನ ಕೋನ್‌ಗೆ ಗಾಳಿಯ ಹಿಡಿತ ತಪ್ಪಿ ಚಲನೆಯ ಗೆರೆ ನೆಟ್ಟಗೆ ಏರುವುದನ್ನು ಚಿತ್ರ ತೋರಿಸುತ್ತದೆ, ಆದರೆ ಪರಿಹಾರ ಹೇಳುವುದಿಲ್ಲ. ಆಂಪ್ಲಿಫೈಯರ್‌ನ ಸಬ್‌ಸಾನಿಕ್ ಫಿಲ್ಟರನ್ನು (ಅತಿ ಕೆಳಸ್ವರಗಳನ್ನು ತಡೆಯುವ ಜೋಡಣೆ) 20–22 ಹರ್ಟ್ಸ್‌ಗೆ ಇಡಿ. ಅದಿಲ್ಲದ ಆಂಪ್ಲಿಫೈಯರ್‌ಗೆ ಪೋರ್ಟೆಡ್ ಬಾಕ್ಸ್ ಬೇಡವೇ ಬೇಡ.

ಪೈಪನ್ನು ಲೆಕ್ಕಕ್ಕಿಂತ 3 ಸೆಂ.ಮೀ. ಉದ್ದ ಬಿಟ್ಟು ಕತ್ತರಿಸಿ, ಸದ್ಯಕ್ಕೆ ಅಂಟಿಸದೆ ಕೂರಿಸಿ. ಮೊಬೈಲಿನ ಟೋನ್ ಜನರೇಟರ್‌ನಿಂದ 35 ಹರ್ಟ್ಸ್‌ನಿಂದ ಕೆಳಗೆ ಒಂದೊಂದೇ ಹರ್ಟ್ಸ್ ಇಳಿಸುತ್ತಾ ಕಡಿಮೆ ವಾಲ್ಯೂಮ್‌ನಲ್ಲಿ ಕೋನ್ ನೋಡಿ. ಅದು ಅತಿ ಕಡಿಮೆ ಅಲುಗುವ ಜಾಗವೇ ಬಾಕ್ಸ್‌ನ ನಿಜವಾದ ಟ್ಯೂನಿಂಗ್. 24ರಲ್ಲಿ ಸಿಕ್ಕರೆ ಅರ್ಧ ಸೆಂ.ಮೀ. ಅರ್ಧ ಸೆಂ.ಮೀ. ಕೊಯ್ಯುತ್ತಾ 25ಕ್ಕೆ ತಂದು, ಆಮೇಲೆ ಅಂಟು ಹಾಕಿ.