9 ತಿಂಗಳ ಆನ್‌ಲೈನ್ ಕೋಡಿಂಗ್ ಬೂಟ್‌ಕ್ಯಾಂಪ್: ಅರ್ಧ ದಾರೀಲಿ ಮೇಷ್ಟ್ರುಗಳನ್ನೇ ತೆಗೆದ್ರು

ಹೆಸರು ಹಾಕಲ್ಲ. ಬೆಂಗಳೂರಿನ ಒಂದು ಆನ್‌ಲೈನ್ ಬೂಟ್‌ಕ್ಯಾಂಪ್, ಫುಲ್ ಸ್ಟಾಕ್ ಕೋರ್ಸ್ (ವೆಬ್‌ಸೈಟಿನ ಕಣ್ಣಿಗೆ ಕಾಣೋ ಭಾಗ, ಹಿಂದಿನ ಭಾಗ ಎರಡನ್ನೂ ಮಾಡೋದು ಕಲಿಸೋದು), ಕೆಲಸ ಮಾಡ್ಕೊಂಡೇ ರಾತ್ರಿ ಕಲಿಯೋ ಬ್ಯಾಚು. ದಾವಣಗೆರೇಲಿ ಮೆಕ್ಯಾನಿಕಲ್ ಬಿಇ ಮುಗಿಸಿ ಪೀಣ್ಯದ ಒಂದು ಫ್ಯಾಕ್ಟರೀಲಿ 22 ಸಾವಿರ ಸಂಬಳಕ್ಕಿದ್ದೆ, 2023 ಜೂನ್‌ನಲ್ಲಿ ಸೇರ್ಕೊಂಡೆ. ಫೀಸು 2,10,000, ಅದ್ರ ಮೇಲೆ 18% ಜಿಎಸ್‌ಟಿ, ಒಟ್ಟು 2,47,800. ನೋ ಕಾಸ್ಟ್ ಇಎಂಐ ಅಂತ ತಿಂಗಳಿಗೆ 10,325ರ ಹಾಗೆ 24 ಕಂತು. ಅಂದ್ರೆ ಸಂಬಳದಲ್ಲಿ ಹತ್ರ ಹತ್ರ ಅರ್ಧ.

ಮೊದಲ ನಾಲ್ಕೈದು ತಿಂಗಳು ನಿಜವಾಗ್ಲೂ ಚೆನ್ನಾಗಿತ್ತು, ಅದನ್ನ ಹೇಳ್ದೆ ಹೋದ್ರೆ ತಪ್ಪಾಗುತ್ತೆ. ಬ್ಯಾಚಲ್ಲಿ ಸುಮಾರು 160 ಜನ, ಟಿಎಗಳು, ಅಂದ್ರೆ ಡೌಟ್ ಬಿಡಿಸಿ ಕೋಡ್ ನೋಡೋ ಸಹಾಯಕ ಮೇಷ್ಟ್ರುಗಳು, 8 ಜನ. ರಾತ್ರಿ 9ಕ್ಕೆ ಡೌಟ್ ಸೆಷನ್, ನಮ್ಮ ಗುಂಪಿಗೆ ಹುಬ್ಬಳ್ಳಿ ಕಡೆಯ ಮೇಡಂ ಒಬ್ರು ಬರೋರು, ಕನ್ನಡದಲ್ಲೇ ಕೇಳ್ಬೋದಿತ್ತು. ಪ್ರಾಮಿಸ್, ಅಸಿಂಕ್ (ಒಂದು ಕೆಲಸ ಮುಗಿಯೋವರೆಗೆ ಕಾಯದೆ ಕೋಡ್ ಮುಂದೆ ಹೋಗೋ ರೀತಿ) ಇದೆಲ್ಲ ಮೂರು ವಿಡಿಯೋ ನೋಡಿದ್ರೂ ನನ್ನ ತಲೆಗೆ ಹೋಗಿರ್ಲಿಲ್ಲ. ಅವ್ರು ಅಂದಿದ್ದು ಇಷ್ಟೇ: "ದರ್ಶಿನಿ ಒಳಗ ಟೋಕನ್ ಕೊಟ್ಟು ದೋಸೆ ಬರೋತನಾ ಸುಮ್ಮ ನಿಂತಿರ್ತೀರೇನ್ರಿ? ಅಷ್ಟ್ರಾಗ ಒಂದು ಕಾಫಿ ಕುಡೀತೀರಿಲ್ಲೋ? ಆ ಟೋಕನ್ ಐತಲ್ಲ, ಅದ ಪ್ರಾಮಿಸ್ ನೋಡ್ರಿ." ಅವತ್ತು ಅರ್ಥ ಆಗಿದ್ದು ಇವತ್ತಿಗೂ ಮರೆತಿಲ್ಲ. ನಾವು ಬರೆದ ಕೋಡ್‌ನ ಸಾಲು ಸಾಲು ಓದಿ, ಇಲ್ಲಿ ಯಾಕೆ ಹಿಂಗ ಮಾಡೀರಿ ಅಂತ ಕೇಳೋರು. ನಾನು ದುಡ್ಡು ಕೊಟ್ಟಿದ್ದೇ ಇದಕ್ಕೆ. ಪಾಠದ ವಿಡಿಯೋ ಯೂಟ್ಯೂಬಲ್ಲಿ ಎಷ್ಟು ಬೇಕಾದ್ರೂ ಇದೆ, ಫ್ರೀಕೋಡ್‌ಕ್ಯಾಂಪ್ ಇದೆ, ಎನ್‌ಪಿಟಿಇಎಲ್ ಇದೆ, ಎಲ್ಲಾ ಪುಕ್ಕಟೆ, ಆದ್ರೆ ನನ್ನ ಕೋಡ್ ಕೂತ್ಕೊಂಡು ಓದೋ ಮನುಷ್ಯರು ಅಲ್ಲಿ ಸಿಗಲ್ಲ.

ನವೆಂಬರ್‌ನಲ್ಲಿ ಕೆಡೋಕೆ ಶುರುವಾಯ್ತು. ನಮ್ಮ ನಂತರದ ಬ್ಯಾಚ್ ಎರಡು ಸಲ ಮುಂದಕ್ಕೆ ಹೋಯ್ತು, ಜನ ಸೇರ್ತಿಲ್ಲ ಅಂತ ಗೊತ್ತಾಗ್ತಿತ್ತು. ಆಮೇಲೆ ಅವ್ರ ಡೌಟ್ ಸೆಷನ್ ತಂದು ನಮ್ಮದಕ್ಕೆ ಸೇರಿಸಿದ್ರು, ನಾವು ರಿಯಾಕ್ಟ್‌ನಲ್ಲಿದ್ದೀವಿ, ಅವ್ರಿನ್ನೂ ಶುರುವಿನ ಪಾಠ ಸಿಎಸ್‌ಎಸ್‌ನಲ್ಲಿ. 8 ಟಿಎಗಳಲ್ಲಿ ಉಳಿದಿದ್ದು 2. ಹುಬ್ಬಳ್ಳಿ ಮೇಡಂ ಒಂದು ಶುಕ್ರವಾರ ಸೋಮವಾರ ಸಿಗೋಣ ಅಂದೋರು ಮತ್ತೆ ಬರ್ಲೇ ಇಲ್ಲ, ನಮಗೊಂದು ಮಾತು ಹೇಳೋಕೂ ಅವ್ರಿಗೆ ಅವಕಾಶ ಕೊಟ್ಟಿರ್ಲಿಲ್ಲ. ಫೆಬ್ರವರೀಲಿ ಲೈವ್ ಅಂತ ಹಾಕಿದ್ದ ಕ್ಲಾಸಲ್ಲಿ ಪಕ್ಕದ ಚಾಟಲ್ಲಿ ಯಾರೋ "ಹ್ಯಾಪಿ ದೀಪಾವಳಿ ಸರ್" ಅಂತ ಬರೆದಿದ್ರು, ಹಳೇ ಬ್ಯಾಚಿನ ರೆಕಾರ್ಡಿಂಗ್ ಅದು! ನಾನು ಎರಡು ಸಲ ಪ್ರಶ್ನೆ ಟೈಪ್ ಮಾಡಿ ಉತ್ತರಕ್ಕೆ ಕಾಯ್ತಿದ್ದೆ.

ಕೋಡ್ ನೋಡೋ ಕೆಲಸ ಒಂದು ಸಾಫ್ಟ್‌ವೇರ್‌ಗೆ ಹೋಯ್ತು. ಅಪ್ಪನ ತೋಟ ಚನ್ನಗಿರಿ ಹತ್ರ ಇರೋದ್ರಿಂದ ಅಡಿಕೆ ಧಾರಣೆ ತೋರಿಸೋ ಸೈಟ್ ಮಾಡಿದ್ದೆ, ಅದಕ್ಕೆ 92 ಮಾರ್ಕ್ಸ್ ಬಂತು, ಎಲ್ಲಾ ಟೆಸ್ಟ್ ಪಾಸ್. ಮೊದಲ ಇಂಟರ್ವ್ಯೂನಲ್ಲಿ ಅವ್ರು ನಾನು ಕೋಡ್ ಹಾಕಿಟ್ಟಿದ್ದ ಗಿಟ್‌ಹಬ್ ಪುಟ ತೆಗೆದ ತಕ್ಷಣ ಕಂಡಿದ್ದು ಡೇಟಾಬೇಸ್ ಪಾಸ್‌ವರ್ಡ್, ಕೋಡಲ್ಲೇ, ಎಲ್ಲರಿಗೂ ಕಾಣೋ ಹಾಗೆ. 12 ನಿಮಿಷಕ್ಕೆ ಇಂಟರ್ವ್ಯೂ ಮುಗೀತು. ಮೇಡಂ ಇದ್ದಿದ್ರೆ ಮೊದಲ ದಿನವೇ ಹಿಡಿದು ಬೈತಿದ್ರು.

ಆಮೇಲೆ ಹುಡುಕಿ ನೋಡ್ದಾಗ ಇದು ನಮ್ಮ ಒಂದು ಕ್ಯಾಂಪಿನ ಕಥೆ ಅಲ್ಲ ಅಂತ ಗೊತ್ತಾಯ್ತು. 2023-24ರ ಹಣಕಾಸು ವರ್ಷದಲ್ಲಿ ಟಿಸಿಎಸ್‌ನಲ್ಲಿ 13,249, ಇನ್ಫೋಸಿಸ್‌ನಲ್ಲಿ 25,994 ಜನ ಕಮ್ಮಿ ಆದ್ರು. ಫ್ರೆಶರ್ಸ್‌ಗೇ ಕೆಲಸ ಇಲ್ಲ ಅಂದ್ಮೇಲೆ ಎರಡು ಲಕ್ಷ ಕೊಟ್ಟು ಯಾರು ಸೇರ್ತಾರೆ, ಅದ್ರ ಜೊತೆಗೆ ಸಣ್ಣಪುಟ್ಟ ಕೋಡ್ ಚಾಟ್‌ಜಿಪಿಟಿನೇ ಬರೆದುಕೊಡುತ್ತೆ. ಅಮೆರಿಕದಲ್ಲಿ 2ಯು ಅನ್ನೋ ಕಂಪನಿ 2019ರಲ್ಲಿ ಟ್ರೈಲಜಿ ಅನ್ನೋ ಬೂಟ್‌ಕ್ಯಾಂಪ್ ಕಂಪನೀನ 75 ಕೋಟಿ ಡಾಲರ್‌ಗೆ ಕೊಂಡ್ಕೊಂಡಿತ್ತು, 2024 ಜುಲೈನಲ್ಲಿ ದಿವಾಳಿ ಅರ್ಜಿ ಹಾಕ್ತು, ಅದೇ ಡಿಸೆಂಬರ್‌ನಲ್ಲಿ ಬೂಟ್‌ಕ್ಯಾಂಪೇ ನಿಲ್ಲಿಸ್ತೀವಿ ಅಂತು. ಕೆಲಸ ಸಿಕ್ಕಮೇಲೆ ದುಡ್ಡು ಕೊಡಿ ಅಂತಿದ್ದ ಅಲ್ಲಿನ ಇನ್ನೊಂದು ಬೂಟ್‌ಕ್ಯಾಂಪ್ ಬ್ಲೂಮ್‌ಟೆಕ್, ಅಂದ್ರೆ ಹಳೇ ಲ್ಯಾಂಬ್ಡಾ ಸ್ಕೂಲ್, ಜಾಹೀರಾತಲ್ಲಿ 71ರಿಂದ 86% ಜನಕ್ಕೆ ಕೆಲಸ ಅಂತ ಹಾಕಿತ್ತು, ಒಳಗಿನ ಲೆಕ್ಕ ಮಾತ್ರ 50%ರ ಆಸುಪಾಸು, ಕೆಲವು ಸಲ 30%. ಹಂಗಂತ ಅಲ್ಲಿನ ಸರ್ಕಾರದ ಗ್ರಾಹಕರ ಹಣಕಾಸು ರಕ್ಷಣಾ ಸಂಸ್ಥೆ 2024 ಏಪ್ರಿಲ್‌ನಲ್ಲಿ ಹೇಳ್ತು, ಸಾಲ ಕೊಡೋದಕ್ಕೇ ನಿಷೇಧ ಹಾಕ್ತು.

ಕಂಪನಿಗೆ ಕಷ್ಟ ಬಂದಿದ್ದು ಒಪ್ತೀನಿ. ಆದ್ರೆ ಖರ್ಚು ಕಮ್ಮಿ ಮಾಡೋಕೆ ಮೊದಲು ಕೈ ಹಾಕಿದ್ದೇ ಕಲಿಸೋರ ಮೇಲೆ. ಸೇರಿ ಸೇರಿ ಅಂತ ಫೋನ್ ಮಾಡೋ ಸೇಲ್ಸ್‌ನವ್ರು ನನ್ನ ತಮ್ಮಂಗೆ ಮಾರ್ಚ್‌ವರೆಗೂ ಮಾಡ್ತಾನೇ ಇದ್ರು. ಇಎಂಐ ಅಂತ ಅವ್ರು ಹೇಳಿದ್ದು ಅಸಲಿಗೆ ಬೇರೆ ಫೈನಾನ್ಸ್ ಕಂಪನಿಯಿಂದ ನನ್ನ ಹೆಸರಲ್ಲಿ ತಗೊಂಡ ಸಾಲ, ಆ ದುಡ್ಡು ಸೇರಿದ ತಿಂಗಳೇ ಪೂರ್ತಿ ಕ್ಯಾಂಪಿನ ಕೈಗೆ ಹೋಗಿತ್ತು. ಕ್ಲಾಸ್ ಕೆಟ್ಟಿದೆ ಅಂತ ನಾನು ಕಂತು ನಿಲ್ಲಿಸಿದ್ರೆ ಅವ್ರಿಗೇನೂ ಆಗಲ್ಲ, ನನ್ನ ಸಿಬಿಲ್ ಸ್ಕೋರ್ ಹಾಳಾಗುತ್ತೆ. 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟೆ, ಕೋರ್ಸ್ ಆಕ್ಸೆಸ್ ಆರು ತಿಂಗಳು ಜಾಸ್ತಿ ಕೊಟ್ಟಿದ್ದೀವಿ ಅಂತ ಕ್ಯಾಂಪಿನವ್ರು ಉತ್ತರ ಕೊಟ್ರು, ಅಂದ್ರೆ ಅದೇ ರೆಕಾರ್ಡಿಂಗ್‌ಗಳು. 24 ಕಂತೂ ಕಟ್ಟಿ ಮುಗಿಸಿದೆ. ಈಗ ರಾಜಾಜಿನಗರದಲ್ಲಿ ಒಂದು ಸಣ್ಣ ಕಂಪನೀಲಿ ಟೆಸ್ಟಿಂಗ್ ಕೆಲಸ, ಅದು ಫ್ಯಾಕ್ಟರಿ ಗೆಳೆಯ ಹೇಳಿ ಸಿಕ್ಕಿದ್ದು, ಪ್ಲೇಸ್‌ಮೆಂಟ್ ಸೆಲ್‌ನಿಂದ ಅಲ್ಲ.

ಮೊದಲ ಭಾಗಕ್ಕೆ 5ಕ್ಕೆ 4.5, ಉಳಿದಿದ್ದಕ್ಕೆ 1. ಸೇರೋ ಯೋಚನೆ ಇದ್ರೆ ಡೆಮೊ ಕ್ಲಾಸ್ ನೋಡಿ ನಿರ್ಧಾರ ಮಾಡ್ಬೇಡಿ, ಅದನ್ನ ಎಲ್ಲರೂ ಚೆನ್ನಾಗೇ ಮಾಡ್ತಾರೆ. ಈಗ ನಡೀತಿರೋ ಬ್ಯಾಚಿನ ಡೌಟ್ ಸೆಷನ್‌ನಲ್ಲಿ ಒಂದು ರಾತ್ರಿ ಕೂರೋಕೆ ಬಿಡಿ ಅಂತ ಕೇಳಿ, ಅಲ್ಲಿ ಟಿಎ ಎಷ್ಟು ಜನ ಇದಾರೆ ಎಣಿಸಿ, ಸಾಲದ ಕಾಗದದಲ್ಲಿ ಯಾವ ಕಂಪನಿ ಹೆಸರಿದೆ ಓದಿ. ಕೂರೋಕೆ ಬಿಡಲ್ಲ ಅಂದ್ರೆ ಸಾಲಕ್ಕೆ ಒಪ್ಪಿಗೆ ಅಂತ ಕೇಳೋ ಓಟಿಪಿ ಹೇಳ್ಬೇಡಿ.